ಅಮೆರಿಕದಲ್ಲಿ ಓಟು ಹಾಕಿದ ನನ್ನ ಬೆರಳು

ಅಮೆರಿಕದವರ ಮತದಾನಕ್ಕೆ ಇನ್ನೂ ಕೆಲವು ದಿನ ಬಾಕಿಯಿದ್ದ ಒಂದು ಗುರುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಹಿರಿಯೂರಿನಲ್ಲಿ ನನ್ನ ತಂಗಿಯ ಮನೆ. ಹಾಜರಿದ್ದವರು ನಾನು, ತಂಗಿ, ತಂಗಿಯ ಮಗಳು.

ಹೀಗೆ ಬರೆದುಕೊಂಡು ಶುರು ಮಾಡುವುದು ನನ್ನ ಅಭ್ಯಾಸ. ಹೊಸದುರ್ಗ, ಹೊಳಲ್ಕೆರೆ ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ಆ ನಡುವೆ ಬಂದ ಚುನಾವಣೆಗಳಲ್ಲೆಲ್ಲ ಮತಗಟ್ಟೆಯಲ್ಲಿ ಅಧಿಕಾರಿಯಾಗಿ ಕೂತಿದ್ದೇನೆ. ಅಲ್ಲಿನ ಡೈರಿಯಲ್ಲಿ ಮೊದಲು ಸಮಯ, ಆಮೇಲೆ ಹಾಜರಿದ್ದವರು, ಆಮೇಲೆ ನಡೆದದ್ದು. ಅದಕ್ಕೂ ಮೊದಲು ಶಿಸ್ತು ಕಲಿಸಿದವರು ಅಪ್ಪ. ರಾಮಗಿರಿ ಸ್ಟೇಷನ್ನಿನಲ್ಲಿ ಹಸಿರು ಕೆಂಪು ಬಾವುಟ ತೋರಿಸುವ ಕೆಲಸ ಅವರದು. ರೈಲು ತಡವಾದರೂ ಅಪ್ಪ ತಡವಾಗುತ್ತಿರಲಿಲ್ಲ. ಮನೆಯಲ್ಲಿ ಊಟ, ಸ್ನಾನ, ಓದು ಎಲ್ಲಕ್ಕೂ ಅವರ ಗಡಿಯಾರವೇ ಗಂಟೆ ಹೊಡೆಯಬೇಕಿತ್ತು.

ಹಿಂದಿನ ಸಂಜೆ ಚಿತ್ರದುರ್ಗದ ನನ್ನ ಮನೆಯಿಂದ ಬಂದಿದ್ದೆ. ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರು ಚೆನ್ನಾಗಿ ನಿಂತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಬೆಳಗಿನ ಬಸ್ಸಿಗೆ ಅಕ್ಕತಂಗಿ ಹೋಗಿ ನೋಡಿ ಬರುವುದು ಎಂದು ಮಾತಾಗಿತ್ತು. ನಾನು ಸ್ನಾನ ಮುಗಿಸಿ, ಜಡೆ ಹೆಣೆದು, ಚೀಲ ತುಂಬಿ ಕುಳಿತಿದ್ದೆ. ತಂಗಿ ಒಲೆಯ ಮುಂದೆ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಮಗಳು ಪಕ್ಕದ ಕೋಣೆಯಲ್ಲಿ ಕೆಲಸಕ್ಕೆ ಕೂತಿದ್ದಳು.

ಅವಳದು ಮನೆಯಿಂದಲೇ ಮಾಡುವ ಕೆಲಸ. ದಿನಾ ಕತ್ತಲಿರುವಾಗಲೇ ಎದ್ದು ಲ್ಯಾಪ್‌ಟಾಪಿನ ಮುಂದೆ ಕೂರುತ್ತಾಳೆ. ಏನು ಕೆಲಸವೆಂದು ಕೇಳಿದರೆ "ಕಂಟೆಂಟ್ ಬರೆಯೋದು ದೊಡ್ಡಮ್ಮ" ಎನ್ನುತ್ತಿದ್ದಳು. ಸೋಪಿಗೋ ಸೀರೆಗೋ ಜಾಹೀರಾತು ಬರೆಯುತ್ತಾಳೆಂದು ತಿಳಿದಿದ್ದೆ. ಹೊತ್ತಿಗೆ ಸರಿಯಾಗಿ ಕೂರುತ್ತಾಳಲ್ಲ, ನನ್ನನ್ನು ನೋಡಿ ಕಲಿತಿದ್ದಾಳೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ.

ಆರು ಹೊಡೆದು ಸ್ವಲ್ಪ ಹೊತ್ತಿಗೆ ಫೋನು ಹಿಡಿದುಕೊಂಡು ಹೊರಗೆ ಬಂದಳು.

"ದೊಡ್ಡಮ್ಮ, ಅಮೆರಿಕದಾಗೆ ಓಟು ಹಾಕಿದ್ಮೇಲೆ ಬೆರಳಿಗೆ ಇಂಕು ಹಚ್ಚಲ್ವೇನ್ರಿ?"

"ನನಗೆ ಗೊತ್ತಿದ್ದಂಗೆ ಇಲ್ಲ. ಯಾಕೆ?"

"ಅಯ್ಯೋ, ಕೆಟ್ಟೆ."

ಫೋನಿನಲ್ಲಿ ತಾನು ಹಾಕಿದ ಒಂದು ಪೋಸ್ಟ್ ತೋರಿಸಿದಳು. ಒಂದು ಎಡಗೈ ತೋರುಬೆರಳು. ಉಗುರಿನ ಮೇಲಿಂದ ಚರ್ಮಕ್ಕೆ ಇಳಿದ ಶಾಯಿಗೆರೆ. ಉಗುರಿನ ನಡುವೆ ಒಂದು ಸೀಳು. ಆ ಸೀಳು ಬಿದ್ದದ್ದು ರಾಮಗಿರಿಯ ರೈಲ್ವೆ ಕ್ವಾರ್ಟರ್ಸಿನ ಬಾಗಿಲಿಗೆ ಬೆರಳು ಸಿಕ್ಕಾಗ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ.

"ಇದು ನನ್ನ ಬೆರಳಲ್ಲವೇನೆ?"

"ಹೂಂ. ನಮ್ಮ ಎಲೆಕ್ಷನ್‌ನಾಗೆ ಫ್ಯಾಮಿಲಿ ಗ್ರೂಪಿಗೆ ಕಳಿಸಿದ್ರಲ್ಲ, ಅದು. ಒಂಚೂರು ಬೆಳ್ಳಗೆ ಮಾಡಿದೀನಿ."

ಒಂಚೂರಲ್ಲ. ಅಕ್ಕಿಹಿಟ್ಟಿನಲ್ಲಿ ಅದ್ದಿ ತೆಗೆದಂತಿತ್ತು. ಕೆಳಗೆ ಇಂಗ್ಲಿಷಿನಲ್ಲಿ, ನಾನು ಮುಂಚಿತವಾಗಿಯೇ ನನ್ನ ಕರ್ತವ್ಯ ಮುಗಿಸಿದ್ದೇನೆ, ನೀವು? ಎಂದಿತ್ತು. ಅಲ್ಲಿ ಮತದಾನದ ದಿನಕ್ಕೆ ಮುಂಚೆಯೂ ಓಟು ಹಾಕಲು ಬಿಡುತ್ತಾರಂತೆ. ಅದರ ಕೆಳಗೆ ಅಮೆರಿಕದವರು ಸಾಲಾಗಿ ಕೇಳುತ್ತಿದ್ದರು: ಯಾವ ಇಂಕು? ಯಾವ ದೇಶದಲ್ಲಿ ಓಟು ಹಾಕಿದೆ ಅಜ್ಜಿ?

ಒಳಗಿಂದ ತಂಗಿ ಕೇಳಿದಳು. "ಏನಂತೆ ಅಕ್ಕ?"

"ನನ್ನ ಬೆರಳು ಅಮೆರಿಕದಾಗೆ ಓಟು ಹಾಕಿ ಬಂದೈತಂತೆ."

"ಹೋಗೋ ಮುಂಚೆ ಹೇಳೋದಲ್ಲೇನೆ, ಬುತ್ತಿ ಕಟ್ಟಿ ಕೊಡ್ತಿದ್ದೆ!" ಎಂದು ನಕ್ಕಳು. ಆಮೇಲೆ ಯಾರೂ ನಗದಿದ್ದುದನ್ನು ಕೇಳಿಸಿಕೊಂಡು, ಒಲೆ ಆರಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

ಹುಡುಗಿ ಎಲ್ಲ ಹೇಳಿದಳು. ಅಲ್ಲಿನ ಒಂದು ಪಕ್ಷದ ಕಟ್ಟಾ ಅಭಿಮಾನಿಯಾಗಿ ಒಬ್ಬ ವಯಸ್ಸಾದ ಹೆಂಗಸನ್ನು ಇವಳು ಹುಟ್ಟಿಸಿದ್ದಾಳೆ. ಆಕೆಗೆ ಹೆಸರಿದೆ, ಊರಿದೆ, ಊರಲ್ಲಿ ಹಿಮ ಬೀಳುತ್ತದೆ. ಆಕೆ ನಿವೃತ್ತ ಶಿಕ್ಷಕಿ. ಹೊತ್ತಿಗೆ ಮುಂಚೆ ಏಳುತ್ತಾಳೆ, ತಡವಾಗಿ ಬಂದವರಿಗೆ ಬಾಗಿಲು ತೆಗೆಯುವುದಿಲ್ಲ. ಅವಳ ಅಪ್ಪ ಸಣ್ಣದೊಂದು ಸ್ಟೇಷನ್ನಿನಲ್ಲಿ ರೈಲಿಗೆ ಬಾವುಟ ತೋರಿಸುತ್ತಿದ್ದ.

"ನನ್ನಪ್ಪನ್ನೂ ಕಳಿಸಿದ್ಯಾ ಅಲ್ಲಿಗೆ?"

"ಬೈಬ್ಯಾಡ್ರಿ ದೊಡ್ಡಮ್ಮ. ನಿಜದ್ದೇನಾದ್ರೂ ಸೇರಿಸಿದ್ರೆ ಜನ ನಂಬ್ತಾರೆ. ನಂಗೆ ಗೊತ್ತಿರೋ ಸ್ಟ್ರಿಕ್ಟ್ ಮನುಷ್ಯೆ ಅಂದ್ರೆ ನೀವೇ."

ಅದು ಮೊದಲ ಮೆಟ್ಟಿಲು ಮಾತ್ರ. ಎದುರು ಪಕ್ಷದವರನ್ನು ಬೈಯುವುದು ಈ ಅಜ್ಜಿಯ ಮುಖ್ಯ ಕೆಲಸವಲ್ಲವಂತೆ, ಅದಕ್ಕೆ ಬೇರೆ ಜನರಿದ್ದಾರೆ. ಈಕೆ ಮುಖ್ಯವಾಗಿ ಬೈಯಬೇಕಾದದ್ದು ತನ್ನದೇ ಪಕ್ಷದಲ್ಲಿ ಮೆತ್ತಗೆ ಮಾತಾಡುವವರನ್ನು. ಯಾರಾದರೂ ಆ ಕಡೆಯವರ ಮಾತನ್ನೂ ಕೇಳೋಣ ಎಂದರೆ ದ್ರೋಹಿ ಎನ್ನಬೇಕು.

"ಆ ಇನ್ನೊಂದು ಫೋನು?" ಎಂದು ಕೇಳಿದೆ. ಅವಳ ಕೋಣೆಯಲ್ಲಿ ಯಾವಾಗಲೂ ಎರಡು ಫೋನು.

ತಲೆ ತಗ್ಗಿಸಿದಳು. "ಅದು ಎದುರು ಪಕ್ಷದ್ದು. ಅವನು ಲಾರಿ ಓನರ್ರು. ಅವನೂ ನಾನೇ."

"ಅವನು ಇವಳನ್ನ ಬೈತಾನೋ?"

"ದಿನಾ. ಇವಳೂ ಬಿಡಲ್ಲ."

ತಂಗಿ ನೆಲದ ಮೇಲೆ ಕುಂತೇಬಿಟ್ಟಳು. "ಒಳಗೆ ಒಬ್ಬಳೇ ಕುಂತು ಕಟಕಟ ಅಂತಿದ್ದದ್ದು ಜಗಳಾನೇನೆ? ನಾನು ಕಾಫಿ ತಂದಿಟ್ಟಿದ್ದು ಜಗಳಕ್ಕಾ?"

"ಯಾರು ಮಾಡಿಸ್ತಾರೆ ಇದನ್ನ?" ಎಂದೆ.

"ಗೊತ್ತಿಲ್ರಿ. ಮೇಲಿನೋರು ಅಂತ ಒಬ್ಬ ಮೆಸೇಜ್ ಮಾಡ್ತಾನೆ. ಯಾರು ಗೆಲ್ಲಬೇಕು ಅಂತ ಒಂದಿನಾನೂ ಹೇಳಿಲ್ಲ. ಜಗಳದ ಬಿಸಿ ಆರಬಾರ್ದು, ಅಷ್ಟೇ."

ಅಮೆರಿಕದ ಚುನಾವಣೆಯಲ್ಲಿ ಹೊರಗಿನವರ ಕೈವಾಡ ಎಂದು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ. ದೊಡ್ಡ ದೇಶಗಳ ಗೂಢಚಾರರು, ದೊಡ್ಡ ಯಂತ್ರಗಳು ಎಂದುಕೊಂಡು ಪುಟ ತಿರುವುತ್ತಿದ್ದೆ. ಹೊರಗಿನವರ ಕೈ ಎಂದರೆ ನನ್ನದೇ ಎಡಗೈ ಎಂದು ಯಾರು ಎಣಿಸಿದ್ದರು? ನಮ್ಮ ಮತಗಟ್ಟೆಗಳಲ್ಲೂ ಜಗಳ ನೋಡಿದ್ದೇನೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ಪಕ್ಷದ ಏಜೆಂಟರು ಬೆಳಗಿನಿಂದ ಒಬ್ಬರ ಮೇಲೊಬ್ಬರು ತಕರಾರು ತೆಗೆದು ನನ್ನ ತಲೆ ಕೆಡಿಸಿದ್ದರು. ಮಧ್ಯಾಹ್ನ ಒಂದೇ ಪೊಟ್ಟಣದ ಚಿತ್ರಾನ್ನಕ್ಕೆ ಇಬ್ಬರೂ ಕೈ ಹಾಕಿದರು. "ಏನಪ್ಪ, ಜಗಳ ಮುಗೀತಾ?" ಎಂದರೆ, "ಇಲ್ಲ ಮೇಡಂ, ಊಟ ಆದ್ಮೇಲೆ ಐತೆ" ಎಂದರು. ಅವರ ಜಗಳ ಅವರದ್ದೇ ಆಗಿತ್ತು. ಅವರ ಪರವಾಗಿ ಜಗಳವಾಡಲು ಬೇರೆ ಊರಿನಲ್ಲಿ ಯಾರೂ ಕುಳಿತಿರಲಿಲ್ಲ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಮೇಲಿನವನು. ಇಂಕಿನ ಅಜ್ಜಿಯ ಖಾತೆಯನ್ನು ಒಂಬತ್ತರೊಳಗೆ ಮುಚ್ಚು, ಯಾರಿಗೂ ಉತ್ತರ ಕೊಡಬೇಡ.

"ಮುಚ್ಚು ಮತ್ತೆ. ಪೀಡೆ ಹೋಗ್ಲಿ," ಎಂದಳು ತಂಗಿ.

ಹುಡುಗಿ ಅಲ್ಲಾಡಲಿಲ್ಲ. "ಒಬ್ಬಾಕೆಗೆ ಉತ್ತರ ಕೊಡಬೇಕಮ್ಮ."

ಆಕೆ ನಿಜವಾದ ಹೆಂಗಸು, ಅಲ್ಲೇ ಯಾವುದೋ ಪಟ್ಟಣದವಳು, ಗಂಡ ಇಲ್ಲ. ಸುಳ್ಳು ಶಿಕ್ಷಕಿಯನ್ನು ನಂಬಿ ಪ್ರತಿ ಸಂಜೆ ಮಾತಾಡುತ್ತಿದ್ದಳು. ಅವಳಿಗೊಬ್ಬ ತಮ್ಮ. ಅವನೂ ಅದೇ ಪಕ್ಷದವನೇ. ಆದರೆ, ಸೋತರೆ ಸೋತೆವು ಎಂದು ಒಪ್ಪಿಕೊಳ್ಳಬೇಕು ಎಂದು ಎಲ್ಲರೆದುರು ಹೇಳಿದನಂತೆ. ಆಕೆ ಬೇಸರದಿಂದ ಅದನ್ನು ತೋಡಿಕೊಂಡಾಗ ನಮ್ಮ ಹುಡುಗಿ ಬರೆದಿದ್ದಳು: ನಡುವೆ ನಿಂತವನು ಶತ್ರುವಿಗಿಂತ ಕಡೆ. ನನ್ನ ತಮ್ಮನಾಗಿದ್ದರೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆಕೆ ಹಾಗೆಯೇ ಮಾಡಿದಳು. ಬೇಸಿಗೆಯಿಂದ ಅಕ್ಕತಮ್ಮಂದಿರ ನಡುವೆ ಮಾತಿಲ್ಲ.

ಈಗ ಅವಳ ಹೊಸ ಸಂದೇಶ ಬಂದಿತ್ತು. ನಾನೇ ಓದಿದೆ. ತಮ್ಮ ಆಸ್ಪತ್ರೆಯಲ್ಲಿದ್ದಾನೆ. ಬೆಳಿಗ್ಗೆ ಹೃದಯದ ಆಪರೇಷನ್ನು. ಉಳಿಯುವುದು ಖಾತ್ರಿ ಇಲ್ಲ ಎಂದಿದ್ದಾರೆ. ಈ ರಾತ್ರಿ ಹೋಗಿ ನೋಡಲೇ? ಮಾತು ಬದಲಿಸುವವಳು ನೀನಲ್ಲ, ನೀನು ಹೇಳಿದಂತೆ ಮಾಡುತ್ತೇನೆ.

ಇಲ್ಲಿ ಬೆಳಕು ಹರಿಯುತ್ತಿತ್ತು, ಅಲ್ಲಿ ಕತ್ತಲಾಗುತ್ತಿತ್ತು. ಆ ಕತ್ತಲಲ್ಲಿ ಕೂತ ಒಬ್ಬ ಹೆಂಗಸು ನನ್ನ ಶಿಸ್ತಿನ ಅಪ್ಪಣೆಗೆ ಕಾಯುತ್ತಿದ್ದಳು. ಖಾತೆ ಹಾಗೇ ಮುಚ್ಚಿದರೆ ಅವಳ ಬಳಿ ಉಳಿಯುವ ಕೊನೆಯ ಮಾತು ಆ ಹೊಸ್ತಿಲಿನದು.

"ಬರಿ," ಎಂದೆ. "ಮೊದಲು ನಾವು ಯಾರು ಅಂತ ಬರಿ. ಆ ಶಿಕ್ಷಕಿ ಅಮೆರಿಕದಲ್ಲಿ ಇಲ್ಲವೇ ಇಲ್ಲ ಅಂತ. ಆಮೇಲೆ ಹೋಗು ಅಂತ ಬರಿ."

"ಸುಳ್ಳು ಅಂತ ಗೊತ್ತಾದ್ರೆ ಹೋಗು ಅನ್ನೋದನ್ನೂ ನಂಬಲ್ಲ ದೊಡ್ಡಮ್ಮ. ಆ ಅಜ್ಜಿ ಹೇಳಿದ್ರೇನೇ ಹೋಗೋದು ಅವಳು."

"ಒಂದು ಸುಳ್ಳಿಂದ ಕೆಟ್ಟದ್ದನ್ನ ಇನ್ನೊಂದು ಸುಳ್ಳಿಂದ ಸರಿ ಮಾಡ್ತೀಯ? ಮತಗಟ್ಟೇಲಿ ಮೊದಲು ಗುರುತು ನೋಡ್ತೀವಿ. ಆಮೇಲೆ ಶಾಯಿ. ಆಮೇಲೆ ಓಟು. ಕ್ರಮ ತಪ್ಪಬಾರದು."

ತಂಗಿಗೆ ಸಿಟ್ಟು ಬಂತು. ಜೀವಮಾನದಲ್ಲಿ ನನಗೆ ಎದುರಾಡಿದವಳಲ್ಲ.

"ಅಕ್ಕ, ಅಲ್ಲಿ ತಮ್ಮ ಸಾಯಂಗೆ ಮಲಗಿದಾನೆ. ನೀನು ಗುರುತಿನ ಚೀಟಿ ಕೇಳ್ತಾ ಕುಂತಿದೀಯ? ಮೊದ್ಲು ಅವಳನ್ನ ಮನೆಯಿಂದ ಎಬ್ಬಿಸು. ನಿನ್ನ ಕ್ರಮ ಎಲ್ಲಿಗೂ ಓಡಿಹೋಗಲ್ಲ."

ಬೀದಿಯಲ್ಲಿ ಹಾಲಿನವನ ಬೈಕು ನಿಂತು, ಹಾರ್ನ್ ಹೊಡೆದು, ಹೊರಟುಹೋಯಿತು. ಹಾಲು ತರಲು ಯಾರೂ ಏಳಲಿಲ್ಲ. ನಾನು ಕ್ರಮ ಬಿಟ್ಟೆ.

"ಹೋಗು ಅಂತ ಬರಿ. ಈಗಲೇ ಹೊರಡು ಅನ್ನು. ಆ ಹೊಸ್ತಿಲಿನ ಮಾತು ತಪ್ಪು, ವಾಪಸ್ ತಗೊಂಡಿದೀನಿ ಅನ್ನು."

ಹುಡುಗಿ ಬರೆದಳು. ನಾನು ಒಂದು ಪದ ತಿದ್ದಿದೆ. ಕಳಿಸಿದೆವು. ಉತ್ತರ ಕೂಡಲೇ ಬಂತು. ನೀನು ಹೀಗೆ ಹೇಳಲಿ ಎಂದೇ ಕಾದಿದ್ದೆ, ಕೋಟು ಹಾಕಿಕೊಳ್ಳುತ್ತಿದ್ದೇನೆ ಎಂದಿದ್ದಳು. ತಂಗಿ ಎರಡೂ ಕೈ ಮುಗಿದು, ಯಾವ ದೇವರಿಗೆಂದು ಹೇಳದೆ, ಎದ್ದು ಮಂಡಕ್ಕಿ ಕಡೆ ಹೋದಳು.

ಇನ್ನು ನನ್ನ ಕ್ರಮ. ಆಕೆ ತಲುಪುವಷ್ಟು ಹೊತ್ತು ಬಿಟ್ಟೆವು. ಮಾರಿಕಣಿವೆ ಬಸ್ಸು ಹೋಯಿತು. ಎಂಟರ ಹೊತ್ತಿಗೆ, ತಮ್ಮನ ಹಾಸಿಗೆಯ ಪಕ್ಕದಲ್ಲಿದ್ದೇನೆ, ಬೈದ, ಆಮೇಲೆ ಅತ್ತ ಎಂದು ಬಂತು. ಆಗ ನಿಜ ಬರೆಯಲು ಹೇಳಿದೆ. "ಇದನ್ನ ಅವ್ಳು ಯಾರಿಗಾದ್ರೂ ತೋರಿಸಿದ್ರೆ ನನ್ನ ಕೆಲಸ ಹೋಗುತ್ತೆ ದೊಡ್ಡಮ್ಮ" ಎಂದಳು ಹುಡುಗಿ. ಹೋಗಬಹುದು ಎಂದೆ. ಆದರೂ ಬರೆದಳು: ನೀನು ಮಾತಾಡುತ್ತಿದ್ದ ಹೆಂಗಸು ಇಲ್ಲ. ನಾನು ಬೇರೆ ದೇಶದ ಹುಡುಗಿ. ನಿಮ್ಮಲ್ಲಿ ಜಗಳ ಹಚ್ಚುವುದು ನನ್ನ ಕೆಲಸವಾಗಿತ್ತು. ಕ್ಷಮಿಸು ಎನ್ನಲು ಮುಖವಿಲ್ಲ. ಹೋಗು ಎಂದದ್ದು ಮಾತ್ರ ಮನಸ್ಸಿನಿಂದ.

ಆಕೆ ಓದಿದ್ದು ಇಲ್ಲಿ ಕಾಣಿಸಿತು. ಉತ್ತರವಿಲ್ಲ. ಮಂಡಕ್ಕಿ ತಟ್ಟೆಯಲ್ಲೇ ಮೆತ್ತಗಾಯಿತು. ಶಾಪ ಹಾಕುತ್ತಾಳೆ, ಹಾಕಲಿ, ಕೇಳಿಸಿಕೊಳ್ಳಬೇಕು ಎಂದು ನಾನು ಸಿದ್ಧಳಾಗಿ ಕುಳಿತೆ. ಒಂಬತ್ತಕ್ಕೆ ಹತ್ತಿರವಾದಾಗ ಒಂದೇ ಒಂದು ಸಾಲು ಬಂತು.

ಹಾಗಾದರೆ ಬಾವುಟ ಹಿಡಿಯುತ್ತಿದ್ದ ಆ ಅಪ್ಪ? ಅವನೂ ಸುಳ್ಳೇ?

ಹುಡುಗಿ ನನ್ನ ಮುಖ ನೋಡಿದಳು. ಫೋನು ಇಸಿದುಕೊಂಡೆ. ಆ ಸಣ್ಣ ಅಕ್ಷರಗಳ ಮೇಲೆ ಒಂದೇ ಬೆರಳಿನಿಂದ ಕುಟ್ಟುವುದು ನನಗೆ ತಡ. ಸೀಳಿದ ಉಗುರಿನ ಅದೇ ಬೆರಳು. ಅವರು ಸುಳ್ಳಲ್ಲ, ಅವರು ನನ್ನ ತಂದೆ, ಎಂದು ಬರೆದು ಕಳಿಸಿದೆ.

ಓದಿದಳು. ಮತ್ತೇನೂ ಬರೆಯಲಿಲ್ಲ. ಒಂಬತ್ತಕ್ಕೆ ಹುಡುಗಿ ಖಾತೆ ಮುಚ್ಚಿದಳು. ಆ ತಮ್ಮ ಆಪರೇಷನ್ನಿನಿಂದ ಎದ್ದನೋ ಇಲ್ಲವೋ ನಮಗೆ ತಿಳಿಯಲು ಇನ್ನು ದಾರಿಯಿಲ್ಲ.

"ಲಾರಿ ಓನರ್ರು?" ಎಂದು ಕೇಳಿದೆ.

"ಅವನನ್ನೂ ಮುಚ್ಚಬೇಕಾ?"

"ನನ್ನ ಬೆರಳಿನ ಲೆಕ್ಕ ನಾನು ಮುಗಿಸಿದೀನಿ. ಅವನು ನಿನ್ನ ಲೆಕ್ಕ."

ಎರಡನೇ ಫೋನನ್ನು ಕೈಗೆ ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು. ನಾನು ಒತ್ತಾಯ ಮಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಟಕಟ ಸದ್ದು ಬರುತ್ತದೋ ಎಂದು ತಂಗಿಯೂ ನಾನೂ ಕಿವಿಗೊಟ್ಟು ಕುಳಿತೆವು. ನಾನಿದ್ದಷ್ಟು ಹೊತ್ತು ಬರಲಿಲ್ಲ.

"ಮಧ್ಯಾಹ್ನದ ಬಸ್ಸಿಗೆ ಕಣಿವೆಗೆ ಹೋಗಾಣೇನೆ?" ಎಂದಳು ತಂಗಿ. ಇನ್ನೊಂದು ದಿನ ನೋಡೋಣ ಎಂದೆ. ಹೊತ್ತು ತಪ್ಪಿದ ಕೆಲಸವನ್ನು ಅದೇ ದಿನ ಮಾಡುವುದು ನನಗೆ ಆಗುವುದಿಲ್ಲ.

ಸಂಜೆ ದುರ್ಗಕ್ಕೆ ಬಂದು ದೀಪ ಹಚ್ಚಿ, ಫೋನಿನಲ್ಲಿ ಫ್ಯಾಮಿಲಿ ಗ್ರೂಪು ತೆರೆದೆ. ಹಿಂದೆ ಹಿಂದೆ ಹೋಗಿ ಆ ಬೆರಳಿನ ಫೋಟೋ ಹುಡುಕಿದೆ. ಅದರ ಕೆಳಗೆ ಎಲ್ಲರೂ ಹೆಬ್ಬೆರಳು ಎತ್ತಿದ್ದರು. ಅಳಿಸಲು ಹೋದರೆ, ನಿಮ್ಮೊಬ್ಬರ ಫೋನಿನಿಂದ ಮಾತ್ರ ಅಳಿಸಬಹುದು ಎಂದು ತೋರಿಸಿತು. ಅಷ್ಟಾದರೂ ಆಗಲಿ ಎಂದು ಒತ್ತಿದೆ.