ಜಾಲಗಾರ ಹುಲಗಪ್ಪ ತೊಳೆದ ಕಾರ್ಖಾನೆ ಪುಡಿ

ಕಪ್ಪತಗುಡ್ಡದ ಕೆಳಗೆ ಹಳ್ಳದ ಮರಳು ತೊಳೆದು ಬಂಗಾರದ ಕಣ ಹೆಕ್ಕುವ ಜಾಲಗಾರರ ಪೈಕಿ ಹುಲಗಪ್ಪ. ಅವನಿಗೆ ಬಂಗಾರಕ್ಕಿಂತ ನೆಗಡಿ ಸಿಕ್ಕಿದ್ದೇ ಹೆಚ್ಚು. ೧೯೭೮ರಲ್ಲಿ ನಾನೇ ಅವನನ್ನೂ ಅವನ ಹೆಂಡತಿಯನ್ನೂ ಬೆಟಗೇರಿಯ ನನ್ನ ಗುಜರಿ ಗೋದಾಮಿಗೆ ಕರೆತಂದೆ. ಉಕ್ಕಿಗೆ ಬೆರೆಸುವ ಫೆರೋಸಿಲಿಕಾನ್ ಎಂಬ ಮಿಶ್ರಲೋಹವನ್ನು ಒಡೆಯುವಾಗ ಉದುರಿದ ಪುಡಿಯನ್ನು ದೂರದ ಕಾರ್ಖಾನೆಯೊಂದು ಕಸವೆಂದು ಕೊಡುತ್ತಿತ್ತು. ಅದರೊಳಗಿನ ಲೋಹದ ಹರಳಿಗೆ ಎರಕದವರಲ್ಲಿ ಗಿರಾಕಿ ಇತ್ತು. ಹುಲಗಪ್ಪ ಮರದ ಮರಿಗೆಯಲ್ಲಿ ಪುಡಿ ಹಾಕಿ ನೀರು ತುಳುಕಿಸಿದರೆ ಮಣ್ಣು ಹರಿದುಹೋಗಿ ಹರಳು ತಳದಲ್ಲಿ ನಿಲ್ಲುತ್ತಿತ್ತು.

ಜಾಲಗಾರರು ತೊಳೆದ ಕೆಸರನ್ನು ಚೆಲ್ಲುವುದಿಲ್ಲ. ಇನ್ನೊಮ್ಮೆ ತೊಳೆಯಲು ಇಡುತ್ತಾರೆ. ಇವನೂ ಹಸಿ ಕೆಸರನ್ನು ಚೀಲಕ್ಕೆ ತುಂಬಿ ಕಿಟಕಿಯಿಲ್ಲದ ಕೋಣೆಯಲ್ಲಿ ಒಟ್ಟಿದ. ಪಕ್ಕದ ಗುಜರಿಯವನಿಗೆ ಈ ಕಸುಬಿನ ಸುಳಿವು ಸಿಗಬಾರದೆಂದು, ಬಾಗಿಲು ಹಾಕಿಕೊಂಡು ಕೆಲಸ ಮಾಡಿ ಎಂದು ಹೇಳಿದ ಜಾಣ ನಾನು.

ಒಂದು ಮಧ್ಯಾಹ್ನ ಅವನ ಹೆಂಡತಿ ಹನಮಂತವ್ವ ಆ ಕೋಣೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು, ಒಂದು ಗಾಜಿನ ಹೆಂಚಿನ ಮಂದ ಬೆಳಕಿನಲ್ಲಿ ಹರಳು ಆರಿಸುತ್ತಿದ್ದಳು. ಅಂಗಳದಲ್ಲಿದ್ದ ಹುಲಗಪ್ಪ ಮೂಗೆತ್ತಿದ.

"ಸಾವ್ಕಾರ್ರ, ಬಳ್ಳೊಳ್ಳಿ ವಾಸನಿ ಬರಾಕತ್ತೈತ್ರಿ."

"ನಿನ್ನ ಹೇಣ್ತಿ ಒಗ್ಗರಣಿ ಹಾಕ್ಯಾಳಲೇ. ನನಗೂ ಒಂದ ತುತ್ತು ಇಡಂತ ಹೇಳು."

ಅವನು ನಗಲಿಲ್ಲ. "ಒಳಗ ಒಲಿನ ಇಲ್ಲಲ್ರಿ."

ಹೊರಗಿನ ಬಾನಿಯ ಕೆಸರಿಗೆ ಕೈ ಹಾಕಿದ. ಬೆಚ್ಚಗಿತ್ತು. ಮೇಲೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಓಡಿಹೋಗಿ ಬಾಗಿಲು ಬಡಿದ.

"ಹನಮವ್ವಾ! ಏ ಹನಮವ್ವಾ, ಚಿಲಕಾ ತಗೀ!"

ಕಿವಿ ಹಚ್ಚಿದರೆ ಬಳೆಯ ಸದ್ದೂ ಇಲ್ಲ.

ಇಬ್ಬರೂ ಸೇರಿ ಭುಜ ಕೊಟ್ಟು ಬಾಗಿಲು ಮುರಿದೆವು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಕತ್ತಲು. ಏನಾದರೂ ಕಾಣಲೆಂದು ನಾನು ಕಡ್ಡಿಪೆಟ್ಟಿಗೆ ತೆಗೆದೆ. ಅವನು ನನ್ನ ಕೈಗೆ ಫಟ್ಟನೆ ಹೊಡೆದ.

"ನೀರು ಬಿದ್ರ ಗ್ಯಾಸ್ ಬಿಡೂ ಕಾರ್ಬೈಡ್ ದೀಪಾನೂ ಹಿಂಗ ನಾರತೈತ್ರಿ! ಅಕಿನ್ನ ಸುಡಾವ್ರೇನು?"

ಉಸಿರು ಬಿಗಿಹಿಡಿದು ನುಗ್ಗಿ, ಅವಳನ್ನು ಅಂಗಳಕ್ಕೆ ಎಳೆದು ತಂದ. ತುಟಿ ನೀಲಿಯಾಗಿತ್ತು. ಕೆನ್ನೆ ತಟ್ಟುತ್ತ, "ಬೈಯ್ ನನಗ, ಒಮ್ಮೆ ಬೈಯ್" ಎನ್ನುತ್ತಲೇ ಇದ್ದ. ಟಾಂಗಾದಲ್ಲಿ ದವಾಖಾನೆ ಮುಟ್ಟುವವರೆಗೂ ಅವಳ ಮೂಗಿನಡಿ ಬೆರಳಿಟ್ಟುಕೊಂಡೇ ಕುಳಿತ. ಉಸಿರು ತಾಗುತ್ತಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಪುಡಿಗೆ ನೀರು ತಾಗಿದರೆ ವಿಷದ ಗಾಳಿ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದೇ ತುಂಬಿಕೊಂಡಿತ್ತು ಎಂದರು ಡಾಕ್ಟರು. ಸಂಜೆಗೆ ಹನಮಂತವ್ವ ಕಣ್ಣು ಬಿಟ್ಟಳು. "ಹೊಸಾ ಸೀರಿ ಹರದೀರಲ್ರೀ, ಕಣ್ಣ ಇಲ್ಲೇನು ನಿಮಗ?" ಎಂದಳು. ಹುಲಗಪ್ಪ ಗೋಡೆಗೆ ಮುಖ ಮಾಡಿ ಅತ್ತ.

ಎಂಟು ದಿನ ಕಳೆದ ಮೇಲೆ ಊರಿಗೆ ಹೊರಟರು. ನಾನು ಬಸ್ ನಿಲ್ದಾಣಕ್ಕೆ ಹೋಗಿ, ಬಯಲಿನಲ್ಲಿ ಒಣ ಪುಡಿಯನ್ನು ಜರಡಿ ಹಿಡಿಯುವ ಕೆಲಸವಾದರೂ ಮಾಡು ಎಂದು ಹುಲಗಪ್ಪನಿಗೆ ಹೇಳಿದೆ.

"ಹನಮವ್ವನ ಜಾಗಾದಾಗ ನೀವು ಕುಂಡ್ರತೀರೇನ್ರಿ, ಸಾವ್ಕಾರ್ರ?"

ನಾನು ಅವರ ಗಂಟನ್ನು ಬಸ್ಸಿನೊಳಗೆ ಎತ್ತಿ ಕೊಟ್ಟೆ.