ಪ್ರಾರ್ಥನೆ ಹೊತ್ತಿಗೆ ನಾಲ್ಕನೇ ಎಂಜಿನ್

ತನಿಯೇಲುವಿಗೆ ಹೊಟ್ಟೆಕಿಚ್ಚು ಹತ್ತಿದ್ದು ಕ್ರೀಡಾಂಗಣದ ದೀಪಗಳಿಂದ ಅಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, ದೊಡ್ಡಪ್ಪ ತೀರಿಕೊಂಡ ಮೇಲೆ ಕುಟುಂಬದವರೆಲ್ಲ ಚಾಪೆ ಹಾಸಿ ಕೂತು ಅವನ ಬಳಿಯಿದ್ದ ಮನೆತನದ ಯಜಮಾನಿಕೆಯ ಪಟ್ಟ ಇನ್ನು ಯಾರಿಗೆ ಎಂದು ಮಾತಾಡಿದ ದಿನವೇ ಅದು ಹತ್ತಿಕೊಂಡಿತ್ತು. ಇಪ್ಪತ್ತು ವರ್ಷ ಪ್ರತಿ ಭಾನುವಾರ ನಸುಕಿಗೆದ್ದು ಕಲ್ಲೊಲೆ ಕಾಯಿಸಿ, ಕೆಸುವಿನ ಗಡ್ಡೆ ಬೇಯಿಸಿ, ತೆಂಗಿನ ಹಾಲು ಹಿಂಡಿ, ದೊಡ್ಡಪ್ಪನ ಮುಂದೆ ಬಗ್ಗಿ ತಟ್ಟೆ ಇಟ್ಟವನು ತನಿಯೇಲು. ಪಟ್ಟ ಹೋದದ್ದು ಮಾತ್ರ ಮಲಾಕಿಗೆ. ಅವನು ಚಿಕ್ಕಪ್ಪನ ಮಗ, ಆರು ವರ್ಷಕ್ಕೆ ಕಿರಿಯ. ಹದಿನೆಂಟು ವರ್ಷ ಆಕ್ಲೆಂಡಿನಲ್ಲಿ ಓದಿ, ಇಂಜಿನಿಯರಾಗಿ ದುಡಿದು, ಇನ್ನೂ ಕಾಲಿನ ಬೂಟು ಬಿಚ್ಚದೆ ಬಂದು ಕೂತವನು.

ಅಂದಿನಿಂದ ಮಲಾಕಿ ಬರೀ ಮಲಾಕಿಯಲ್ಲ, ತುಯಿಲೋಟೊ. ಅದು ಪಟ್ಟದ ಹೆಸರು. ಹೆತ್ತ ತಾಯಿಯೂ ಅವನನ್ನು ಹಾಗೇ ಕರೆಯಬೇಕು, ಕರೆಯುತ್ತಿದ್ದಳು. ತನಿಯೇಲು ಒಬ್ಬ ಕರೆಯಲಿಲ್ಲ. ಎದುರಾದರೆ ಕೆಮ್ಮುತ್ತಿದ್ದ. ಕೆಮ್ಮಿನಿಂದ ಆಗದಿದ್ದರೆ ಹೆಸರು ಬೇಡದ ಹಾಗೆ ಮಾತು ತಿರುಗಿಸಿಕೊಳ್ಳುತ್ತಿದ್ದ. ನಾಲ್ಕು ವರ್ಷ ಒಂದು ಹೆಸರನ್ನು ತಪ್ಪಿಸಿಕೊಂಡು ತಿರುಗುವುದು ಸಣ್ಣ ಕೆಲಸವಲ್ಲ. ಆದರೆ ಹೊಟ್ಟೆಕಿಚ್ಚಿನ ಮನುಷ್ಯನಿಗೆ ಇಂಥ ದುಡಿಮೆಯಲ್ಲಿ ಆಯಾಸವೇ ಆಗುವುದಿಲ್ಲ.

ದ್ವೀಪದ ರಾಜಧಾನಿ ಆಪಿಯಾದ ವಿದ್ಯುತ್ ಕೇಂದ್ರಕ್ಕೆ ತನಿಯೇಲು ಸೇರಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ನೆಲ ಒರೆಸುವವನಾಗಿ. ಇಪ್ಪತ್ತೇಳು ವರ್ಷದಲ್ಲಿ ಅಲ್ಲಿನ ನಾಲ್ಕು ಡೀಸೆಲ್ ಎಂಜಿನ್‌ಗಳೂ ಅವನ ಕಿವಿಯೊಳಗೆ ಬಂದು ಮನೆ ಮಾಡಿದ್ದವು. ಚಂಡಮಾರುತದ ವರ್ಷ ಕೆಸರು ನುಗ್ಗಿ ನಾಲ್ಕನೆಯದು ಸತ್ತೇ ಹೋಯಿತೆಂದು ಎಲ್ಲರೂ ಕೈಬಿಟ್ಟಾಗ, ಏಳು ತಿಂಗಳು ಒಂದೊಂದೇ ಬಿಡಿಭಾಗ ತೊಳೆದು ಅದನ್ನು ಮತ್ತೆ ಓಡಿಸಿದವನು ಇವನೇ. ಮೀಟರಿನ ಮುಳ್ಳು ಅಲ್ಲಾಡುವ ಮೊದಲೇ ಊರಲ್ಲಿ ಕರೆಂಟಿನ ಬೇಡಿಕೆ ಏರಿತೋ ಇಳಿಯಿತೋ ಎಂದು ಸದ್ದಿನಿಂದಲೇ ಹೇಳುತ್ತಿದ್ದ. ಇಂಥವನ ತಲೆಯ ಮೇಲೆ, ಈ ವರ್ಷ ಇಲ್ಲಿ ನಡೆಯಲಿದ್ದ ದ್ವೀಪಗಳ ಕ್ರೀಡಾಕೂಟಕ್ಕೆ ಕರೆಂಟು ಒದಗಿಸುವ ಇಡೀ ಹೊಣೆ ಹೊತ್ತು ಬಂದು ಕೂತವನು ಯಾರು? ಅದೇ ಮಲಾಕಿ.

"ಪಟ್ಟ ತಗೊಂಡ, ಹೋಗ್ಲಿ. ಈಗ ನನ್ನ ಎಂಜಿನ್ನೂ ಬೇಕಂತೆ ಅವನಿಗೆ," ಎಂದು ಮನೆಯಲ್ಲಿ ಹೆಂಡತಿ ಲೂಪೆಯ ಮುಂದೆ ಗುಡುಗಿದ.

"ಎಂಜಿನ್ ಏನು ನಿಮ್ಮಪ್ಪ ತಂದಿಟ್ಟಿದ್ದಾ?" ಎಂದಳು ಲೂಪೆ, ಕೈಲಿದ್ದ ಮೀನು ಬಿಡದೆ. "ಹುಡುಗ ಚೆನ್ನಾಗೇ ಕೆಲಸ ಮಾಡ್ತಾನೆ ಅಂತಾರೆ. ಸಿಕ್ಕಾಗೆಲ್ಲ ನಿನ್ನ ವಿಚಾರಿಸ್ತಾನೆ. ನೀನೇ ಮುಖ ಊದಿಸ್ಕೊಂಡು ಓಡಾಡ್ತೀಯ."

"ಹುಡುಗನಂತೆ ಹುಡುಗ! ನಲವತ್ತು ತುಂಬಿದೆ."

"ಹಾಗಾದ್ರೆ ಪಟ್ಟದ ಹೆಸರು ಹಿಡಿದು ಕರಿ ಒಂದ್ಸಲ. ನಾನೂ ಕೇಳಿ ಕಿವಿ ತಂಪು ಮಾಡ್ಕೋತೀನಿ."

ತನಿಯೇಲು ಕೆಮ್ಮಿಕೊಂಡು ಹೊರಗೆ ಹೋದ.

ಮಲಾಕಿಯ ಯೋಜನೆ ಅರವತ್ತೆರಡು ಪುಟದ್ದು, ನೀಲಿ ರಟ್ಟಿನದು. ವಿದ್ಯುತ್ ಕೇಂದ್ರದ ಪ್ರತಿಯೊಬ್ಬನ ಕೈಗೂ ಒಂದೊಂದು ಬಂತು: ಓದಿ, ಕೊನೆಯ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ಸಹಿ ಹಾಕಿ ಕಳಿಸಿ. ತನಿಯೇಲು ತನ್ನ ಪ್ರತಿಯನ್ನು ತೆರೆಯಲೂ ಇಲ್ಲ. ಕಂಟ್ರೋಲ್ ರೂಮಿನ ಮೇಜಿಗೆ ಒಂದು ಕಾಲು ಗಿಡ್ಡ, ಕೋಕೋ ಕುಡಿಯುವಾಗ ಲೋಟ ತುಳುಕುತ್ತಿತ್ತು. ನೀಲಿ ರಟ್ಟನ್ನು ಆ ಕಾಲಿನ ಕೆಳಗೆ ತುರುಕಿದ. ಮೇಜು ನೆಟ್ಟಗಾಯಿತು. ಆ ಯೋಜನೆಯಿಂದ ಇಷ್ಟಾದರೂ ಉಪಯೋಗವಾಯಿತಲ್ಲ ಎಂದು ಅವನಿಗೆ ಎರಡು ದಿನ ಒಳಗೊಳಗೇ ಖುಷಿ.

ಉದ್ಘಾಟನೆಗೆ ಆರು ದಿನ ಮೊದಲಿನ ಭಾನುವಾರ ಚರ್ಚಿನಲ್ಲಿ ಪಾದ್ರಿ ಒಂದು ಪ್ರಕಟಣೆ ಓದಿದರು. ಸಂಜೆಯ ಪ್ರಾರ್ಥನೆ ಇಲ್ಲಿ ಹಳ್ಳಿಗೊಂದು ಹೊತ್ತು. ಒಂದು ಹಳ್ಳಿಯಲ್ಲಿ ಆರಕ್ಕೇ ಖಾಲಿ ಗ್ಯಾಸ್ ಸಿಲಿಂಡರ್ ಬಡಿದು ಗಂಟೆ ಹೊಡೆದರೆ, ಪಕ್ಕದ ಹಳ್ಳಿಯಲ್ಲಿ ಏಳಕ್ಕೆ. ಗಂಟೆ ಬಡಿದ ಮೇಲೆ ಕಾಲು ಗಂಟೆ ಹೊತ್ತು ರಸ್ತೆಯಲ್ಲಿ ಯಾರೂ ನಡೆಯುವಂತಿಲ್ಲ, ಒಲೆ ಉರಿಯುವಂತಿಲ್ಲ, ಟಿವಿ ಮಾತಾಡುವಂತಿಲ್ಲ. ಕೂತವರು ಕೂತಲ್ಲೇ. "ಆದರೆ ಕ್ರೀಡಾಕೂಟ ಶುರುವಾಗುವ ಶನಿವಾರ ಮತ್ತು ಮುಗಿಯುವ ಶನಿವಾರ," ಎಂದರು ಪಾದ್ರಿ, "ಇಡೀ ದ್ವೀಪ ಒಂದೇ ಹೊತ್ತಿಗೆ, ಸರಿಯಾಗಿ ಆರೂವರೆಗೆ, ರೇಡಿಯೋ ಜೊತೆಗೆ ಪ್ರಾರ್ಥನೆಗೆ ಕೂರುತ್ತದೆ. ಕ್ರೀಡಾಂಗಣವೂ ಸೇರಿ."

ಜನರಿಗೆಲ್ಲ ಅದು ಪ್ರಾರ್ಥನೆಯಾಗಿ ಕೇಳಿಸಿತು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ತನಿಯೇಲುವಿಗೆ ಮಾತ್ರ ಅದು ಎಂಜಿನ್ ಸದ್ದಾಗಿ ಕೇಳಿಸಿತು. ದಿನವೂ ಬೇರೆ ಬೇರೆ ಹೊತ್ತಿಗೆ ಇಳಿದು ಏರುವ ಹಳ್ಳಿಗಳು ಅಂದು ಒಟ್ಟಿಗೆ ಇಳಿಯುತ್ತವೆ, ಒಟ್ಟಿಗೆ ಏರುತ್ತವೆ. ಆರೂ ಮುಕ್ಕಾಲಿಗೆ 'ಆಮೆನ್' ಅಂದದ್ದೇ ತಡ, ಇಡೀ ದ್ವೀಪ ಉದ್ಘಾಟನೆ ನೋಡಲು ಟಿವಿ ಹಾಕುತ್ತದೆ, ಕೆಟಲ್ ಇಡುತ್ತದೆ. ಕ್ರೀಡಾಂಗಣದಲ್ಲಿ ದೊಡ್ಡ ಪರದೆ, ಧ್ವನಿವರ್ಧಕ, ಅಡುಗೆಮನೆ ಎಲ್ಲ ಅದೇ ಕ್ಷಣಕ್ಕೆ ಏಳುತ್ತವೆ. ಸಂಜೆಗೆ ಎಂದಿನಂತೆ ಓಡುವ ಮೂರು ಎಂಜಿನ್‌ಗಳಿಗೆ ಆ ಹೊರೆ ಹೊರಲಾಗದು, ಉಸಿರು ಕಟ್ಟಿ ನಿಲ್ಲುತ್ತವೆ. ನಿಂತರೆ ಕ್ರೀಡಾಂಗಣದ ದೀಪ ಹೋಗುತ್ತದೆ. ಅಲ್ಲಿನ ಜನರೇಟರ್ ಹತ್ತು ಸೆಕೆಂಡಿಗೇ ಏಳುತ್ತದೆ, ನಿಜ. ಆದರೆ ಆ ದೊಡ್ಡ ಕಂಬದ ದೀಪಗಳ ಸ್ವಭಾವವೇ ಬೇರೆ. ಒಮ್ಮೆ ಆರಿದರೆ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಕಾಲು ಗಂಟೆ ಬೇಕೇ ಬೇಕು. ಹದಿನಾರು ದ್ವೀಪಗಳ ಅತಿಥಿಗಳು ಕಾಲು ಗಂಟೆ ಕತ್ತಲಲ್ಲಿ.

ಪರಿಹಾರ ಸುಲಭ. ನಾಲ್ಕನೇ ಎಂಜಿನ್ ಮೊದಲೇ ಚಾಲೂ ಮಾಡಿಟ್ಟರೆ ಆಯಿತು. ಅದು ಬಿಸಿಯಾಗಿ ಹೊರೆಗೆ ತಯಾರಾಗಲು ಆರು ನಿಮಿಷ ಸಾಕು.

ತನಿಯೇಲು ಎರಡು ಬೆಂಚು ಮುಂದೆ ಕೂತಿದ್ದ ಮಲಾಕಿಯ ಬೆನ್ನು ನೋಡಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ತಲೆ ಬಗ್ಗಿಸಿ ಭಕ್ತಿಯಿಂದ ಕೇಳುತ್ತಿದ್ದ. 'ಇವನಿಗೆ ಹೊಳೆದಿಲ್ಲ,' ಅಂದುಕೊಂಡ ತನಿಯೇಲು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಬೆನ್ನು ಅವನಿಗೆ ಹಿತವಾಗಿ ಕಂಡಿತು.

ಮಂಗಳವಾರ ಕೊನೆಯ ಸಭೆ. ಮಲಾಕಿ ಗೋಡೆಗೆ ಹಾಕಿದ ನಕ್ಷೆ ತೋರಿಸಿ ಗಂಟೆಗಂಟೆಯ ಲೆಕ್ಕ ಹೇಳಿದ. ಆರರಿಂದ ಏಳರ ಅಂಕಣದಲ್ಲಿ ಬೇಡಿಕೆಯ ಗೆರೆ ಏರಿಳಿತವಿಲ್ಲದೆ ಚಪ್ಪಟೆಯಾಗಿ ಮಲಗಿತ್ತು. ಎಲ್ಲ ಹೇಳಿ ಮುಗಿಸಿ, ನೇರ ತನಿಯೇಲುವಿನ ಕಡೆ ತಿರುಗಿದ. "ಅಣ್ಣ, ನಿಂಗೇನಾದ್ರೂ ಹೇಳೋದಿದ್ಯಾ?"

ಸಭೆಯಲ್ಲಿ ಬೇರೆ ಮನೆತನಗಳ ಇನ್ನೂ ಮೂವರು ಪಟ್ಟದವರಿದ್ದರು. ಪಟ್ಟದವರ ಮುಂದೆ ಪಟ್ಟವಿಲ್ಲದವನು ಎದುರು ಮಾತಾಡುವುದು ಮರ್ಯಾದೆಯಲ್ಲ. ತನಿಯೇಲು ಕಾಲು ಮಡಿಸಿ, ತಲೆ ತಗ್ಗಿಸಿ, "ದೊಡ್ಡವರು ಹೇಳಿದ್ಮೇಲೆ ನಮ್ದೇನಿದೆ," ಎಂದ. ಎಂಥ ವಿನಯ ಎಂದು ಒಬ್ಬ ಮುದುಕ ತಲೆದೂಗಿದ. ಅದು ವಿನಯವಲ್ಲ, ಅಪ್ಪಟ ಹೊಟ್ಟೆಕಿಚ್ಚು ಎಂದು ಅಲ್ಲಿ ಗೊತ್ತಿದ್ದದ್ದು ಒಬ್ಬನಿಗೇ.

ಹೊರಡುವಾಗ ಶನಿವಾರದ ಪಾಳಿಯ ಪಟ್ಟಿ ಅಂಟಿಸಿದರು. ವಿದ್ಯುತ್ ಕೇಂದ್ರದ ಅರ್ಧಕ್ಕರ್ಧ ಜನಕ್ಕೆ ಹೊಸ ಅಂಗಿ, ಕ್ರೀಡಾಂಗಣದ ಪಾಸು. ಕಂಟ್ರೋಲ್ ರೂಮಿನಲ್ಲಿ ಉಳಿಯುವವರು ಇಬ್ಬರು: ತನಿಯೇಲು, ಮತ್ತು ಮೊಣಕಾಲು ನೋವಿನ ಕೆರೆಸೋಮ. ತನಿಯೇಲುವಿನ ಹೆಸರು ಮಲಾಕಿಯ ಕೈಬರಹದಲ್ಲೇ ಇತ್ತು.

"ನೋಡ್ದ್ಯಾ?" ಎಂದ ತನಿಯೇಲು, ಕೆರೆಸೋಮನಿಗೆ. "ಊರಿಗೆಲ್ಲ ಹಬ್ಬ, ನನಗೆ ಮಾತ್ರ ಎಣ್ಣೆ ವಾಸನೆ. ಬೇಕಂತ್ಲೇ ಬರೆದಿದಾನೆ."

"ನಂಗಂತೂ ಒಳ್ಳೇದೇ ಆಯ್ತಪ್ಪ. ಆ ಕ್ರೀಡಾಂಗಣದ ಮೆಟ್ಲು ಹತ್ತೋರ್ಯಾರು?" ಎಂದ ಕೆರೆಸೋಮ.

ಶನಿವಾರ ಸಂಜೆ ಆರೂವರೆಗೆ ದೂರದಲ್ಲಿ ಒಂದು ಸಿಲಿಂಡರ್ ಬಡಿದರು, ಅದರ ಹಿಂದೆ ಇನ್ನೊಂದು, ಆಮೇಲೆ ಲೆಕ್ಕ ಸಿಗಲಿಲ್ಲ. ರೇಡಿಯೋದಲ್ಲಿ ಹಾಡು ಶುರುವಾಯಿತು. ಕೆರೆಸೋಮ ಕಣ್ಣು ಮುಚ್ಚಿ ಕೈ ಜೋಡಿಸಿದ. ಗೋಡೆಯಾಚೆ ಮೂರು ಎಂಜಿನ್‌ಗಳ ಸದ್ದು ಹಗುರವಾಯಿತು. ತನಿಯೇಲು ಅಂದುಕೊಂಡ ಹಾಗೇ, ಚೂರೂ ತಪ್ಪದೆ.

ಅವನೂ ಕಣ್ಣು ಮುಚ್ಚಿದ. ಪ್ರಾರ್ಥನೆಯ ಹೊತ್ತಿನಲ್ಲಿ ಎದ್ದು ಓಡಾಡುವುದು ಪಾಪ. ಊರಲ್ಲಾದರೆ ದಂಡಕ್ಕೆ ಹಂದಿ ಕೊಡಬೇಕು. ಮಂಗಳವಾರ ಮರ್ಯಾದೆಯ ಹೆಸರಲ್ಲಿ ಬಾಯಿ ಮುಚ್ಚಿಕೊಂಡವನು ಇವತ್ತು ದೇವರ ಹೆಸರಲ್ಲಿ ಕೈ ಕಟ್ಟಿ ಕೂತ. ಯಾರು ಬಂದು ಏನು ಕೇಳಿಯಾರು? ಮುಚ್ಚಿದ ಕಣ್ಣೊಳಗೆ ಕತ್ತಲ ಕ್ರೀಡಾಂಗಣ ಕಾಣುತ್ತಿತ್ತು. ನಡುವೆ ಬಿಳಿ ಅಂಗಿಯ ಮಲಾಕಿ ಫೋನು ಹಿಡಿದು ಅತ್ತಿಂದಿತ್ತ ಓಡುತ್ತಿದ್ದ. ಕುಟುಂಬದವರು ಚಾಪೆಯ ಮೇಲೆ ಕೂತು, ಅಯ್ಯೋ, ಪಟ್ಟ ಕೊಡಬೇಕಾದವನನ್ನು ಬಿಟ್ಟು ಯಾರಿಗೋ ಕೊಟ್ಟೆವಲ್ಲ ಎನ್ನುತ್ತಿದ್ದರು. ಬಾಯಿಗೆ ಸಕ್ಕರೆ ಹಾಕಿಕೊಂಡ ಹಾಗಿತ್ತು ಅವನಿಗೆ. ಅದು ಕರಗದಿರಲೆಂದು ಅಲ್ಲಾಡದೆ ಕೂತ.

ಆರು ಮೂವತ್ತೈದಾಯಿತು. ಆರು ಮೂವತ್ತೇಳಾಯಿತು.

ಅವನನ್ನು ಎಬ್ಬಿಸಿದ್ದು ಒಳ್ಳೆಯತನ ಎಂದು ನಾನು ಹೇಳಿದರೆ ಸುಳ್ಳಾದೀತು. ಆ ಸುಂದರ ಕತ್ತಲೆಯ ಜೊತೆಗೇ ಅವನ ಕಿವಿಗೆ ಇನ್ನೊಂದು ಕೇಳಿಸತೊಡಗಿತು: ಮೂರು ಎಂಜಿನ್‌ಗಳು ಏದುಸಿರು ಬಿಟ್ಟು, ಗೊರಗುಟ್ಟಿ, ಒಂದರ ಹಿಂದೊಂದು ಸಾಯುವ ಸದ್ದು. ಕತ್ತಲಾದರೆ ಹೆಸರು ಕೆಡುವುದು ಮಲಾಕಿಯದು, ಸರಿ. ಆದರೆ ಉಸಿರು ಹೋಗುವುದು ತನ್ನವುಗಳದ್ದು. ಆ ಪಟ್ಟದವನಿಗೋಸ್ಕರ ಅವು ಯಾಕೆ ಸಾಯಬೇಕು? ಅವನದ್ದೆಂದು ಊರೆಲ್ಲ ಹೊಗಳುತ್ತಿರುವ ಬೆಳಕು ಹುಟ್ಟುವುದೇ ಇಲ್ಲಿ, ಈ ಗೋಡೆಯಾಚೆ. ಇದನ್ನೂ ಅವನಿಗೆ ಬಿಟ್ಟುಕೊಡುವುದೇ?

ಆರು ಮೂವತ್ತೊಂಬತ್ತಕ್ಕೆ ತನಿಯೇಲು ಎದ್ದು ನಾಲ್ಕನೇ ಎಂಜಿನ್ನಿನ ಗುಂಡಿ ಒತ್ತಿದ.

ಕೆರೆಸೋಮ ಒಂದು ಕಣ್ಣು ತೆರೆದ. "ಏಯ್! ಪ್ರಾರ್ಥನೆ ನಡೀತಿದೆ, ಮಾರಾಯ!"

"ನೀನು ಮಾಡು. ನಂದೂ ಸೇರಿಸ್ಕೊಂಡು ಮಾಡು."

ನಾಲ್ಕನೆಯದು ಕೆಮ್ಮಿತು, ತಡೆಯಿತು, ಹಿಡಿದುಕೊಂಡಿತು. ಆರೂ ಮುಕ್ಕಾಲಿಗೆ ರೇಡಿಯೋದಲ್ಲಿ 'ಆಮೆನ್' ಎಂದಾಗ ಅದು ಹೊರೆಗೆ ಆಗಷ್ಟೇ ಸೇರಿತ್ತು. ದ್ವೀಪವೆಲ್ಲ ಒಟ್ಟಿಗೆ ಕೈ ಚಾಚಿತು. ನಾಲ್ಕೂ ಎಂಜಿನ್‌ಗಳು ಒಮ್ಮೆ ಕುಗ್ಗಿ, ಗಂಟಲು ಸರಿಮಾಡಿಕೊಂಡು, ಎದ್ದು ನಿಂತವು. ಕಂಟ್ರೋಲ್ ರೂಮಿನ ಬಲ್ಬು ಒಂದು ಚೂರು ಮಂಕಾಗಿ ಮತ್ತೆ ಬೆಳಗಿತು. ಕ್ರೀಡಾಂಗಣದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ರೇಡಿಯೋದವನು ಮಾತ್ರ, ದೀಪಗಳು ಎಷ್ಟು ಚೆಂದ, ಈ ಬೆಳಕಿನ ಹಿಂದಿರುವ ತುಯಿಲೋಟೊ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು ಎಂದ. ತನಿಯೇಲು ರೇಡಿಯೋ ಆರಿಸಿದ.

ಮರುದಿನ ಚರ್ಚು ಮುಗಿದ ಮೇಲೆ ಮಲಾಕಿ ತನಿಯೇಲುವಿನ ಮನೆಗೆ ಬಂದ. ತೆಂಗಿನ ಗರಿಯ ಬುಟ್ಟಿಯಲ್ಲಿ ಸುಟ್ಟ ಹಂದಿಯ ಬೆನ್ನಿನ ತುಂಡು ತಂದಿದ್ದ. ಅದು ಪಟ್ಟದವನ ಪಾಲು. ದೊಡ್ಡಪ್ಪನ ಮುಂದೆ ಇಪ್ಪತ್ತು ವರ್ಷ ತನಿಯೇಲು ಇಟ್ಟದ್ದೂ ಅದೇ ತುಂಡು. ತಾನೊಮ್ಮೆಯೂ ತಿಂದದ್ದಲ್ಲ. ಮಲಾಕಿ ಅದನ್ನು ಅವನ ಮುಂದೆ ಇಟ್ಟು ಚಾಪೆಯ ಮೇಲೆ ಕೂತ. ಲೂಪೆ ಬೀಸಣಿಗೆ ಹಿಡಿದು ನೊಣ ಓಡಿಸತೊಡಗಿದಳು.

'ತೋರಿಸೋಕೆ ಬಂದಿದಾನೆ,' ಅಂದುಕೊಂಡ ತನಿಯೇಲು.

"ಅಣ್ಣ, ಒಂದು ಕೇಳ್ಬೇಕಿತ್ತು," ಎಂದ ಮಲಾಕಿ. "ಎಲ್ರೂ ಯೋಜನೆಗೆ ಸಹಿ ಹಾಕಿ ಕಳಿಸಿದ್ರು. ನೀನೊಬ್ಬನೇ ಕಳಿಸ್ಲಿಲ್ಲ. ಮೇಲಿನೋರು ಕೇಳ್ತಿದಾರೆ, ಅದಕ್ಕೆ ನನ್ನ ಪ್ರತೀನೇ ತಂದೆ." ಚೀಲದಿಂದ ನೀಲಿ ರಟ್ಟು ತೆಗೆದು, ಕೊನೆಯ ಪುಟ ತೆರೆದು ಮುಂದಿಟ್ಟ.

ಏನು ಕೆಟ್ಟರೆ ಯಾರು ನೋಡಬೇಕು ಎಂಬ ಪಟ್ಟಿ ಅದು. ತಂತಿ ಹರಿದರೆ ಇಂಥವರು, ಜನರೇಟರ್ ಏಳದಿದ್ದರೆ ಇಂಥವರು, ಯಾರಿಗೆ ಫೋನು ಮಾಡಬೇಕು, ಯಾರ ಒಪ್ಪಿಗೆ ಪಡೆಯಬೇಕು. ಎಲ್ಲ ಹೆಸರಿನ ಮುಂದೆಯೂ ಸಹಿ ಬಂದಿದೆ ಎಂಬ ಗುರುತು. ಕೊನೆಯ ಸಾಲಿನ ಮುಂದೆ ಖಾಲಿ. ತನಿಯೇಲು ಬೆರಳಿಟ್ಟು ನಿಧಾನವಾಗಿ ಓದಿದ:

'ಈ ಯೋಜನೆಯಲ್ಲಿ ಬರೆಯದೆ ಉಳಿದ ಯಾವುದೇ ತೊಂದರೆ: ತನಿಯೇಲು. ಯಾರನ್ನೂ ಕೇಳಬೇಕಾಗಿಲ್ಲ.'

ಇನ್ನೊಮ್ಮೆ ಓದಿದ. ತನ್ನ ಪ್ರತಿಯಲ್ಲಿ ಇದೇ ಸಾಲು ಮೂರು ವಾರ ಮೇಜಿನ ಕಾಲಿನ ಕೆಳಗಿತ್ತು.

"ಮಂಗಳವಾರ ಕೇಳ್ದೆ, ನೀನೇನೂ ಹೇಳ್ಲಿಲ್ಲ," ಎಂದ ಮಲಾಕಿ. "ನಂಗೂ ಗೊತ್ತಿತ್ತು, ಅಷ್ಟು ಜನದ ಮುಂದೆ ನೀನು ಬಾಯಿ ಬಿಡಲ್ಲ ಅಂತ. ಅದಕ್ಕೇ ಶನಿವಾರ ಅಲ್ಲೇ ಇರು ಅಂತ ನಿನ್ ಹೆಸರು ಬರ್ದೆ. ನಿನ್ನೆ ಮೀಟರ್ ಹಾಳೆ ನೋಡಿದ್ಮೇಲೆ ನಂಗೆ ಪ್ರಾರ್ಥನೆ ವಿಷಯ ಹೊಳೀತು. ಮೈಯೆಲ್ಲ ಬೆವರಿ ಹೋಯ್ತು, ಅಣ್ಣ. ನೀನಿದ್ದೆ, ಉಳ್ಕೊಂಡ್ವಿ."

ಹಂದಿಯ ತುಂಡಿನಿಂದ ಹೊಗೆಯ ವಾಸನೆ ಬರುತ್ತಿತ್ತು. ತನಿಯೇಲುವಿಗೆ ಕೆಮ್ಮು ಬಂತು. ಈ ಸಲ ಕೆಮ್ಮಲಿಲ್ಲ.

"ತುಯಿಲೋಟೊ," ಎಂದ.

ಲೂಪೆಯ ಬೀಸಣಿಗೆ ನಿಂತಿತು. ಮಲಾಕಿ ತಲೆಯೆತ್ತಿದ.

"ಆರೂವರೆಯಿಂದ ಒಂಬತ್ತು ನಿಮಿಷ ಸುಮ್ನೆ ಕೂತಿದ್ದೆ. ಹೋದ ಭಾನುವಾರಾನೇ ಗೊತ್ತಿತ್ತು ನಂಗೆ. ಬೇಕಂತ್ಲೇ ಹೇಳ್ಲಿಲ್ಲ. ನಿಮ್ಮ ದೀಪ ಆರ್ಲಿ ಅಂತ ಕಾಯ್ತಾ ಕೂತಿದ್ದೆ."

ಮಲಾಕಿಯ ಮುಖ ಬಿಳಿಚಿಕೊಂಡಿತು. ಹೊರಗೆ ಯಾರದೋ ಮನೆಯ ಮಕ್ಕಳು ನಿನ್ನೆಯ ಮೆರವಣಿಗೆಯ ಆಟ ಆಡುತ್ತಿದ್ದವು. ಕೊನೆಗೆ ಅಂಗಿಯ ಜೇಬಿನಿಂದ ಪೆನ್ನು ತೆಗೆದು ಆ ಖಾಲಿ ಜಾಗದ ಪಕ್ಕ ಇಟ್ಟ.

"ಮುಂದಿನ ಶನಿವಾರ ಸಮಾರೋಪ," ಎಂದ. "ಅವತ್ತೂ ಆರೂವರೆಗೇ ಪ್ರಾರ್ಥನೆ. ಸಹಿ ಹಾಕು, ಅಣ್ಣ."

ತಾನು ಅವನ ಜಾಗದಲ್ಲಿದ್ದಿದ್ದರೆ ಈ ಪೆನ್ನು ಕೊಡುತ್ತಿರಲಿಲ್ಲ ಎಂಬುದು ತನಿಯೇಲುವಿಗೆ ಚೆನ್ನಾಗಿ ಗೊತ್ತಿತ್ತು. ಪಟ್ಟ ಹೋದ ದಿನವೂ ಆಗದಷ್ಟು ಹೊಟ್ಟೆಕಿಚ್ಚು ಆ ಕ್ಷಣ ಅವನಿಗಾಯಿತು. ಪೆನ್ನು ತೆಗೆದುಕೊಂಡು ಸಹಿ ಹಾಕಿದ.