ಕಂದು ಪ್ಯಾಂಟಿಗೆ ನೀಲಿ ದಾರ

ಹತ್ತರಿಂದ ಹನ್ನೆರಡರೊಳಗೆ ಟೈಲರ್ ಮಿಷನ್ ಬಿಟ್ಟು ನಾಲ್ಕು ಸಲ ಎದ್ದಿದ್ದ. ಎರಡು ಸಲ ನೀರಿಗೆ, ಎರಡು ಸಲ ಹಿಂದಿನ ಓಣಿಯ ಶೌಚಾಲಯಕ್ಕೆ. ಐದನೆಯ ಸಲ ಏಳಬೇಕೆನಿಸಿದಾಗ ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಕಡೆ ನೋಡಿ, ಹಲ್ಲುಕಚ್ಚಿ ಕೂತ. ಹೊಲಿಗೆ ಗೆರೆ ಬಿಟ್ಟು ಪಕ್ಕಕ್ಕೆ ಸರಿಯಿತು. ಬಿಚ್ಚಿ ಮತ್ತೆ ಹೊಲಿದ. ಅದೂ ಸೊಟ್ಟಗಾಯಿತು.

ಅಂಗಡಿ ಇರುವುದು ಮೂರು ಅಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ. ಎಂಟಡಿ ಅಗಲ, ಹನ್ನೊಂದಡಿ ಉದ್ದ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಸದ್ದು ನೆತ್ತಿಯ ಮೇಲೇ ಕೇಳುತ್ತದೆ. ಬಟ್ಟೆ ಕತ್ತರಿಸುವ ಮೇಜು, ಎರಡು ಮಿಷನ್, ಆಳೆತ್ತರದ ಕನ್ನಡಿ, ಗೋಡೆಗೆ ಸಾಲಾಗಿ ಕೊಕ್ಕೆ. ಮೂವತ್ತೊಂದು ವರ್ಷದಿಂದ ಅವನು ಇಲ್ಲಿ ಪ್ಯಾಂಟು ಹೊಲಿಯುತ್ತಿದ್ದಾನೆ. ಬೀದಿಯವರು ಅವನನ್ನು ಕರೆಯುವುದು ‘ಅರ್ಧ ಇಂಚು’ ಎಂದು.

ಆ ಹೆಸರು ಬಂದದ್ದಕ್ಕೆ ಕಾರಣವಿದೆ. ಗಿರಾಕಿಯ ಸೊಂಟ ಎಷ್ಟೇ ಬೆಳೆದಿರಲಿ, ಟೇಪು ಸುತ್ತಿ ಅವನು ಹೇಳುವುದು ಒಂದೇ ಮಾತು: “ಏನಿಲ್ಲ, ಅರ್ಧ ಇಂಚು ಅಷ್ಟೆ.” ನಿಜವಾದ ಅಳತೆ ಬಾಯಿಗೆ ಬರುವುದಿಲ್ಲ, ಪುಸ್ತಕಕ್ಕೆ ಹೋಗುತ್ತದೆ. ಪ್ರತಿ ಪ್ಯಾಂಟಿನ ಹಿಂಬದಿ ಹೊಲಿಗೆಯೊಳಗೆ ಎರಡಿಂಚು ಬಟ್ಟೆ ಮಡಚಿ ಬಿಟ್ಟಿರುತ್ತಾನೆ. ಇಸ್ತ್ರಿಗೆಂದೋ ಗುಂಡಿ ಕಿತ್ತಿತೆಂದೋ ಪ್ಯಾಂಟು ವಾಪಸು ಬಂದಾಗ ಹೇಳದೆ ಕೇಳದೆ ಅಷ್ಟು ಸಡಿಲಿಸುತ್ತಾನೆ. ಕನ್ನಡಿಯ ಮುಂದೆ ನಿಂತ ಗಿರಾಕಿಗೆ ತಾನು ದಪ್ಪಗಾದದ್ದೇ ಗೊತ್ತಾಗಬಾರದು. ಅದು ಅವನು ವೃತ್ತಿಯಲ್ಲಿ ಪಾಲಿಸಿಕೊಂಡು ಬಂದ ಮರ್ಯಾದೆ.

ಈ ಮರ್ಯಾದೆ ಮೊದಲು ಕೈಕೊಟ್ಟದ್ದು ಸ್ವಂತ ಅಣ್ಣನ ವಿಷಯದಲ್ಲಿ. ಅಣ್ಣ ಬಸ್ ಡ್ರೈವರ್. ಅಳತೆ ಪುಸ್ತಕದಲ್ಲಿ ಅವನ ಸೊಂಟ ಮೂವತ್ನಾಲ್ಕರಿಂದ ಶುರುವಾಗಿ, ವರ್ಷಗಳು ಕಳೆದಂತೆ ನಲವತ್ತು ಮುಟ್ಟಿತ್ತು. ಆಮೇಲೆ ಒಂದೇ ವರ್ಷದಲ್ಲಿ ಮೂವತ್ತಾರಕ್ಕೆ ಇಳಿಯಿತು. ಅಂದು ಟೈಲರ್ ಟೇಪನ್ನು ಹೆಗಲಿಗೆ ಹಾಕಿಕೊಂಡು ಚಪ್ಪಾಳೆ ತಟ್ಟಿದ್ದ. “ಅಣ್ಣಾ, ಹುಡುಗ ಆಗ್ಬಿಟ್ಟೆ ನೋಡು!” ಒಂಬತ್ತು ತಿಂಗಳಿಗೆ ಅಣ್ಣನ ಎಡಗಾಲಲ್ಲಿ ಒಂದು ಗಾಯ ಆಯಿತು, ಮಾಯಲಿಲ್ಲ. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. “ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿವೆ. ಮೈ ಇಷ್ಟು ಇಳಿದಿದ್ದು ಮನೆಯಲ್ಲಿ ಯಾರೂ ಗಮನಿಸಲಿಲ್ವಾ?” ಎಂದು ಡಾಕ್ಟರ್ ಕೇಳಿದಾಗ, ಗಮನಿಸಿದ್ದವನು, ಗಮನಿಸಿ ಬರೆದಿಟ್ಟವನು, ಮಂಚದ ಪಕ್ಕದಲ್ಲೇ ನಿಂತಿದ್ದ.

ಒಡಹುಟ್ಟಿದವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ಅದೇ ಡಾಕ್ಟರ್ ಹೇಳಿದ್ದರು. ಟೈಲರ್ ಮೊದಲ ವರ್ಷ ಹೋದ. ಹೋಗುವ ಮುಂಚೆ ನಾಲ್ಕು ದಿನ ಸಕ್ಕರೆ ಬಿಟ್ಟ, ರಾತ್ರಿಯೂಟ ಅರ್ಧ ಮಾಡಿದ, ಬೆಳಿಗ್ಗೆ ಬೆವರು ಹರಿಯುವಂತೆ ನಡೆದ. ವರದಿಯಲ್ಲಿ ಸಕ್ಕರೆ ಅಂಚಿನಲ್ಲಿತ್ತು, ಅಂಚು ದಾಟಿರಲಿಲ್ಲ. ಪಾಸಾದೆ ಎಂದು ಮನೆಗೆ ಬಂದು ಎರಡು ಲೋಟ ಚಹಾ ಕುಡಿದ. ಆಮೇಲೆ ಮೂರು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಈಗ ಅವನದೇ ಸೊಂಟ ಇಳಿಯತೊಡಗಿತ್ತು. ಮೂವತ್ತೇಳೂವರೆ ಇದ್ದದ್ದು ಮೂವತ್ತೈದೂಕಾಲು. ಹೆಂಡತಿ ಊಟಕ್ಕೆ ಹೋದ ಹೊತ್ತು ನೋಡಿ ಬಾಗಿಲು ಅರೆ ಹಾಕಿ ಅಳೆದುಕೊಂಡಿದ್ದ. ಟೇಪು ಸಡಿಲ ಹಿಡಿದು ಮತ್ತೊಮ್ಮೆ ಅಳೆದ. ಬೇರೆ ಟೇಪಿನಲ್ಲಿ ಅಳೆದ. ‘ಅರ್ಧ ಇಂಚು ಅಷ್ಟೆ’ ಎಂದು ತನಗೆ ತಾನೇ ಹೇಳಿಕೊಂಡು, ಕಂದು ಪ್ಯಾಂಟಿನ ಹಿಂಬದಿ ಎರಡಿಂಚು ಬಿಗಿ ಮಾಡಿ ಹೊಲಿದುಬಿಟ್ಟ. ಮಿಷನ್ನಿನಲ್ಲಿ ಆಗ ಯಾವುದೋ ಶಾಲೆಯ ಸಮವಸ್ತ್ರದ ದಾರ ಇತ್ತು. ಬದಲಾಯಿಸುವಷ್ಟು ಸಮಾಧಾನ ಇರಲಿಲ್ಲ.

ಮೂರನೇ ದಿನ ಹೆಂಡತಿ ಒಗೆದ ಪ್ಯಾಂಟನ್ನು ಒಳಮಗ್ಗುಲು ಹೊರಗಾಗಿ ಹಿಡಿದು ಅವನ ಮಿಷನ್ ಮುಂದೆ ನಿಂತಳು.

“ಇದನ್ನ ಯಾರು ಟೈಟ್ ಮಾಡಿದ್ದು?”

“ಯಾವುದು?”

“ಕಂದು ಪ್ಯಾಂಟಿಗೆ ನೀಲಿ ದಾರ ಹಾಕೋ ಟೈಲರ್ ಈ ಬೀದೀಲಿ ಯಾರಪ್ಪಾ ಅಂತ ಬೆಳಿಗ್ಗೆಯಿಂದ ತಲೆ ಕೆಡಿಸ್ಕೊಂಡಿದೀನಿ.”

“ಅವಸರದಲ್ಲಿ ಹೊಲಿದೆ ಕಣೆ.”

“ಅವಸರ ಮಾಡಿದ್ದು ಯಾವ ಗಿರಾಕಿ? ನೀವೇ ತಾನೆ?”

ಅವನು ಸೂಜಿಗೆ ದಾರ ಪೋಣಿಸಲು ನೋಡಿದ. ಎರಡು ಸಲ ತಪ್ಪಿತು. ಕಣ್ಣು ಮಂಜಾಗಿತ್ತು. ಎರಡು ವಾರದಿಂದ ಅವನನ್ನು ಕೊರೆಯುತ್ತಿದ್ದುದು ಇದೇ. ಕಾಲಿನ ಬೆರಳಿಲ್ಲದೆಯೂ ಟೈಲರ್ ಬದುಕಬಹುದು, ಕಣ್ಣಿಲ್ಲದೆ ಏನು ಮಾಡುವುದು?

ಹೆಂಡತಿ ಅಳತೆ ಪುಸ್ತಕ ತೆಗೆದು ಕೊನೆಯವರೆಗೂ ತಿರುವಿದಳು. “ಊರಿನೋರದ್ದೆಲ್ಲ ಇದೆ. ನಿಮ್ಮ ಪುಟ ಎಲ್ಲಿ?”

ಅವನ ಪುಟ ಇರಲೇ ಇಲ್ಲ. ಅವಳು ಅವನ ಕೊರಳಿನಿಂದಲೇ ಟೇಪು ಎಳೆದುಕೊಂಡು, “ಏಳಿ, ಉಸಿರು ಬಿಗಿಹಿಡೀಬೇಡಿ” ಎಂದು ಸೊಂಟಕ್ಕೆ ಸುತ್ತಿ, ಹೊಸ ಹಾಳೆಯಲ್ಲಿ ಬರೆದಳು: ಮೂವತ್ತೈದೂಕಾಲು.

“ನಾಳೆ ಬೆಳಿಗ್ಗೆ ರಕ್ತ ಕೊಟ್ಟು ಬರೋಣ.”

“ನಾಲ್ಕು ದಿನ ತಡಿ. ಸ್ವಲ್ಪ ಬಾಯಿ ಕಟ್ಟಿ ಆಮೇಲೆ ಹೋಗ್ತೀನಿ.”

“ಯಾಕೆ? ರಕ್ತಕ್ಕೂ ಇಸ್ತ್ರಿ ಹಾಕಿ ತಗೊಂಡು ಹೋಗ್ತೀರಾ?”

ಮರುದಿನ ಏಳೂವರೆಗೆ ಪ್ರಯೋಗಾಲಯದ ಬಾಗಿಲಲ್ಲಿ ಅಣ್ಣ ಕಾಯುತ್ತಿದ್ದ. ಬಸ್ ಬಿಟ್ಟು ಈಗ ಡಿಪೋದಲ್ಲಿ ಕೂತು ಮಾಡುವ ಕೆಲಸ. ಅವನಿಗೆ ಸುದ್ದಿ ಮುಟ್ಟಿಸಿದ್ದು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಊರುಗೋಲಿನಿಂದ ತಮ್ಮನ ಮೊಣಕಾಲಿಗೆ ತಟ್ಟಿದ.

“ಎರಡು ಬೆರಳು ಕೊಟ್ಟು ಕಲ್ತಿದ್ದನ್ನ ನಿನಗೆ ಪುಕ್ಕಟೆ ಕೊಟ್ಟೆನಲ್ಲೋ. ಅದನ್ನೂ ತಗೊಳ್ಳಲಿಲ್ಲ ನೀನು.”

ಟೈಲರ್ ಕೂರಲಿಲ್ಲ. ನೀರಿನ ಡಬ್ಬದಿಂದ ಕಿಟಕಿಗೆ, ಕಿಟಕಿಯಿಂದ ಗಡಿಯಾರಕ್ಕೆ ಓಡಾಡಿದ. ಕಡೆಗೆ ಅಣ್ಣನ ಮುಂದೆ ನಿಂತು, “ಅಣ್ಣಾ, ಆ ವರ್ಷ ನಿನ್ನ ಸೊಂಟ ನಾಲ್ಕಿಂಚು ಇಳಿದಿತ್ತು. ನಾನೇ ಬರ್ಕೊಂಡಿದ್ದೆ” ಎಂದ.

“ಗೊತ್ತು ಬಿಡೋ. ನೀನು ಚಪ್ಪಾಳೆ ಹೊಡೆದೆ, ನಾನು ಹಿಗ್ಗಿದೆ. ಪೆದ್ದರು ಇಬ್ಬರೂ. ಈಗ ಕೂತ್ಕೋ, ನೀನು ಹಿಂಗೆ ತಿರುಗ್ತಿದ್ರೆ ನನಗೆ ತಲೆ ಸುತ್ತು ಬರತ್ತೆ.”

ರಕ್ತ ತೆಗೆಯುವ ಹುಡುಗಿ ತೋಳಿಗೆ ಪಟ್ಟಿ ಕಟ್ಟುವಾಗ ಟೈಲರ್ ಕೊನೆಯದೊಂದು ಪ್ರಯತ್ನ ಮಾಡಿದ. “ನಿನ್ನೆ ಊಟ ಸ್ವಲ್ಪ ಹೆಚ್ಚಾಗಿತ್ತಮ್ಮ. ಅದಕ್ಕೆ ಲೆಕ್ಕ ತಪ್ಪಿ ಬಂದ್ರೆ?”

“ಎರಡು ಪರೀಕ್ಷೆ ಮಾಡ್ತೀವಿ ಅಂಕಲ್. ಒಂದು ಖಾಲಿ ಹೊಟ್ಟೇದು. ಇನ್ನೊಂದು ಮೂರು ತಿಂಗಳ ಸರಾಸರಿ ಹೇಳತ್ತೆ. ಅದರಲ್ಲಿ ಕಾಪಿ ಹೊಡೆಯಕ್ಕಾಗಲ್ಲ.”

ಅಣ್ಣ ಆಚೆಯಿಂದಲೇ ನಕ್ಕದ್ದು ಕೇಳಿಸಿತು.

ಸಂಜೆ ವರದಿ ಬಂತು. ಮೂರು ತಿಂಗಳ ಸರಾಸರಿ ಒಂಬತ್ತು ದಾಟಿತ್ತು. ಆರೂವರೆ ಮುಟ್ಟಿದರೇ ಕಾಯಿಲೆ ಎನ್ನುತ್ತಾರೆ. ಡಾಕ್ಟರ್ ಪಾದಕ್ಕೆ ಮೊಂಡು ಕಡ್ಡಿ ಮುಟ್ಟಿಸಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಕಣ್ಣಿನ ಆಸ್ಪತ್ರೆಗೆ ಚೀಟಿ ಬರೆದರು. ಪಾದದ ಸ್ಪರ್ಶ ಸರಿಯಿತ್ತು, ಮೂತ್ರಪಿಂಡಕ್ಕೆ ಏಟು ಬಿದ್ದಿರಲಿಲ್ಲ. ಕಣ್ಣಿಗೆ ಹನಿ ಹಾಕಿಸಿಕೊಂಡು ಕತ್ತಲೆ ಕೋಣೆಯಲ್ಲಿ ಗದ್ದ ಊರಿ ಕೂತ ಇಪ್ಪತ್ತು ನಿಮಿಷ ಅವನು ಕುರ್ಚಿಯ ಹೊದಿಕೆಯಿಂದ ಒಂದು ಎಳೆಯನ್ನು ಪೂರ್ತಿ ಬಿಚ್ಚಿದ್ದ. ಕಣ್ಣಿನ ಹಿಂಪರದೆ ಸ್ವಚ್ಛವಾಗಿತ್ತು. ಮಂಜಾಗುವುದು ಸಕ್ಕರೆ ಏರಿಳಿಯುವುದರಿಂದ, ಇಳಿದ ಮೇಲೆ ಸರಿಹೋದೀತು ಎಂದರು ಕಣ್ಣಿನ ಡಾಕ್ಟರ್.

“ಹಾಗಾದ್ರೆ ನಾನು ಬಚಾವಾ?” ಎಂದು ಟೈಲರ್ ವಾಪಸು ಬಂದು ಮೊದಲಿನ ಡಾಕ್ಟರನ್ನು ಕೇಳಿದ.

“ಈ ವರ್ಷಕ್ಕೆ. ಮೂರು ವರ್ಷ ಮೊದಲೇ ಬಂದಿದ್ರೆ ನಡಿಗೆ, ಊಟದಲ್ಲೇ ತಡೀಬಹುದಿತ್ತೇನೋ. ಈಗ ಮಾತ್ರೆಯೂ ಬೇಕು. ಮೂರು ತಿಂಗಳಿಗೆ ರಕ್ತ, ವರ್ಷಕ್ಕೆ ಕಣ್ಣು, ಕಾಲು. ಮರೀಬೇಡಿ.”

ಹೆಂಡತಿ ಚಹಾದ ಸಕ್ಕರೆ ಡಬ್ಬವನ್ನು ಅಂಗಡಿಯಿಂದ ಆಚೆ ಹಾಕಿದಳು, ಕಂದು ಪ್ಯಾಂಟಿನ ನೀಲಿ ಹೊಲಿಗೆಯನ್ನು ಪೂರ್ತಿ ಬಿಚ್ಚಿ ಕೊಕ್ಕೆಗೆ ನೇತುಹಾಕಿದಳು. “ಮುಂದಿನ ವರದಿ ಬರೋವರೆಗೂ ಇದಕ್ಕೆ ಸೂಜಿ ಹಾಕೋ ಹಾಗಿಲ್ಲ” ಎಂದಳು.

ಊಟವಾದ ಮೇಲೆ ಅರ್ಧ ಗಂಟೆ ಅವನು ನಡೆಯುತ್ತಾನೆ. ನಡೆಯುವಾಗ ಕಣ್ಣು ಸುಮ್ಮನಿರುವುದಿಲ್ಲ. ಔಷಧಿ ಅಂಗಡಿಯವನ ಬೆಲ್ಟಿಗೆ ಹೊಸ ತೂತು ಬಿದ್ದಿದೆ; ಯಾವ ಕಡೆಗೆ? ಬ್ಯಾಂಕಿನ ಕಾವಲುಗಾರನ ಪ್ಯಾಂಟು ಯಾಕೆ ಜಾರುತ್ತಿದೆ?

ಹೀಗಿರುವಾಗ ಡ್ರಾಯಿಂಗ್ ಮೇಷ್ಟ್ರು ಬಂದರು. ಹದಿನೈದು ವರ್ಷದ ಗಿರಾಕಿ. ಕೈಯಲ್ಲಿ ತಂದ ಪ್ಯಾಂಟು ಟೈಟ್ ಮಾಡಬೇಕಿತ್ತು. ಟೇಪು ಸುತ್ತಿದ ಟೈಲರ್ ಪುಸ್ತಕ ನೋಡಿದ, ಮತ್ತೆ ಟೇಪು ನೋಡಿದ.

“ಏನು, ಅರ್ಧ ಇಂಚು ತಾನೆ?” ಎಂದು ಮೇಷ್ಟ್ರು ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿಕೊಂಡರು. “ಮೀಸೆಗೆ ಬಣ್ಣ ಹಾಕಿದ್ರೆ ಮದುವೆ ಗಂಡು, ಅಲ್ವಾ?”

“ಎರಡೂವರೆ ಇಂಚು ಇಳಿದಿದೆ ಮೇಷ್ಟ್ರೇ. ಏನಾದ್ರೂ ಮಾಡಿದ್ರಾ? ನಡಿಗೆ, ಪಥ್ಯ?”

“ಏನೂ ಇಲ್ಲಪ್ಪ. ತಾನಾಗೇ ಇಳೀತು.”

“ಬಾಯಾರಿಕೆ?”

“ಟೈಲರ್ ಹತ್ರ ಬಂದಿದೀನೋ ಡಾಕ್ಟರ್ ಹತ್ರ ಬಂದಿದೀನೋ?”

“ಒಂದು ಸಲ ರಕ್ತ ತೋರಿಸ್ಕೊಂಡು ಬನ್ನಿ. ಅಲ್ಲೀವರೆಗೂ ನಾನು ಇದನ್ನ ಟೈಟ್ ಮಾಡಲ್ಲ.”

ಮೇಷ್ಟ್ರ ಮುಖ ಗಂಟಿಕ್ಕಿತು. “ನಿನ್ನ ಕಾಯಿಲೇನ ಊರಿಗೆಲ್ಲ ಹಚ್ಚಬೇಡ” ಎಂದು ಹೊರಟರು. ಕೋಪದಲ್ಲಿ ಪ್ಯಾಂಟು ಬಿಟ್ಟೇ ಹೋದರು.

ಅದಕ್ಕೆ ಇವತ್ತಿಗೆ ಹನ್ನೊಂದು ದಿನ. ಬೂದು ಬಣ್ಣದ ಆ ಪ್ಯಾಂಟು ಕೊಕ್ಕೆಯಲ್ಲಿ ಕಂದು ಪ್ಯಾಂಟಿನ ಪಕ್ಕದಲ್ಲೇ ನೇತಾಡುತ್ತಿದೆ. ಅವನ ಎರಡನೇ ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ ಇದೆ. ನೀರಿಗೆ ಏಳುವುದು ಕಡಿಮೆಯಾಗಿದೆ, ಸೂಜಿಗೆ ದಾರ ಒಂದೇ ಸಲಕ್ಕೆ ಹೋಗುತ್ತದೆ. ಆದರೂ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಅವನ ಮಿಷನ್ ನಿಲ್ಲುತ್ತದೆ.

“ಮೇಷ್ಟ್ರು ಬಂದ್ರಾ?” ಎನ್ನುತ್ತಾನೆ.

“ಮೇಲಿನ ಮನೆಯೋರು. ಹೊಲೀರಿ ಸುಮ್ಮನೆ” ಎನ್ನುತ್ತಾಳೆ ಹೆಂಡತಿ. ಆದರೆ ಅವಳೂ ಒಮ್ಮೆ ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿಯೇ ಹೇಳುತ್ತಾಳೆ.